ಕಲೆಕ್ಟರ್ ಸಾಹೇಬರ ಹಕ್ಕಿ ಪಟ್ಟಿ

ಏಪ್ರಿಲ್ ಬಂತೆಂದರೆ ಉತ್ತರ ಕನ್ನಡದ ಕರಾವಳಿಯಲ್ಲಿ ಹಕ್ಕಿಗಳ ಹೋಗುಬರುವಿಕೆಯ ಗಡಿಬಿಡಿ. ಚಳಿಗಾಲ ಕಳೆಯಲು ಬಂದಿದ್ದ ಕಡಲ ದಂಡೆಯ ಪುಟ್ಟ ಗೊರವಗಳು ಮಾಸಲು ಬಣ್ಣ ಕಳಚಿ, ಎದೆಗೆ ಕೆಂಗಂದು ತಳೆದು ಹಿಮಾಲಯ, ಟಿಬೆಟ್‌ಗಳತ್ತ ಹೊರಟಿರುತ್ತವೆ. ಇತ್ತ ಒಣಗಿದ ಗದ್ದೆಯಲ್ಲಿ ಟಿಟ್ಟಿಭ ಬರಿನೆಲದ ಮೇಲೆ ನಾಲ್ಕು ಮೊಟ್ಟೆಯಿಟ್ಟು, ಹತ್ತಿರ ಸುಳಿದವರ ನೆತ್ತಿಯ ಮೇಲೆ ಹಾರುತ್ತ ಊರೆಲ್ಲ ಕೇಳುವಂತೆ ಕೂಗುತ್ತದೆ.

ಇದನ್ನೆಲ್ಲ ನೋಡಲು ಇಂದು ಹೋಗುವವರ ಕೈಯಲ್ಲಿ ದುರ್ಬೀನು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದ್ದುದು ಬಂದೂಕು, ಜೊತೆಗೆ ಮೊಟ್ಟೆ ತುಂಬುವ ಪೆಟ್ಟಿಗೆ!

1862ರಲ್ಲಿ ಈ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1883ರಲ್ಲಿ ಮುಂಬಯಿಯಲ್ಲಿ ಎಂಟು ಹವ್ಯಾಸಿಗಳು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಕಟ್ಟಿದರು. ಅವರಲ್ಲೊಬ್ಬರಾದ ಇ.ಎಚ್. ಏಟ್‌ಕೆನ್ ಸುಂಕ ಮತ್ತು ಉಪ್ಪಿನ ಇಲಾಖೆಯ ನೌಕರಿಯಲ್ಲಿ ಕಾರವಾರಕ್ಕೂ ಬಂದರು. ಕಲೆಕ್ಟರ್ ಜೇಮ್ಸ್ ಡೇವಿಡ್‌ಸನ್, ಅರಣ್ಯಾಧಿಕಾರಿ ಟಿ.ಆರ್. ಬೆಲ್ ಅವರಿಗೆ ಜೊತೆಯಾದರು. ಮೂವರೂ ಸೇರಿ ಜಿಲ್ಲೆಯ ಚಿಟ್ಟೆಗಳ ಬಗ್ಗೆ ಬರೆದರು. ಡೇವಿಡ್‌ಸನ್ ಒಬ್ಬರೇ ಸಿದ್ಧಪಡಿಸಿದ ಉತ್ತರ ಕನ್ನಡದ ಪಕ್ಷಿಗಳ ಪಟ್ಟಿ 1898ರಲ್ಲಿ ಸೊಸೈಟಿಯ ನಿಯತಕಾಲಿಕದಲ್ಲಿ ಅಚ್ಚಾಯಿತು.

ಬಂದೂಕು ಏಕೆ? ಜೇಬಿನಲ್ಲಿಟ್ಟುಕೊಂಡು ಹೋಗುವ ಚಿತ್ರಸಹಿತ ಕೈಪಿಡಿಗಳು ಆಗ ಇರಲಿಲ್ಲ. ಹಕ್ಕಿ ಯಾವುದೆಂದು ಖಚಿತವಾಗಬೇಕಾದರೆ ಅದು ಕೈಗೆ ಬರಬೇಕಿತ್ತು. ಮೊಟ್ಟೆ ಸಂಗ್ರಹವಂತೂ ಅಂದಿನ ದೊಡ್ಡ ಹುಚ್ಚು. ಗೂಡು ಕಟ್ಟುವ ಬೇಸಿಗೆಯೇ ಅದಕ್ಕೆ ಸುಗ್ಗಿ. ಇಂಥ ಸಾಹೇಬರಿಗಾಗಿ ಮರ ಹತ್ತಿ ಗೂಡಿಗೆ ಕೈಹಾಕುತ್ತಿದ್ದವರು ಬಹುಮಟ್ಟಿಗೆ ಸ್ಥಳೀಯರು. ಲೇಖನಗಳ ನೆತ್ತಿಯ ಮೇಲೆ ಮಾತ್ರ ಸಾಹೇಬರ ಹೆಸರು!

ಆದರೂ ಆ ಪಟ್ಟಿಯನ್ನು ತಳ್ಳಿಹಾಕುವಂತಿಲ್ಲ. 1939–40ರಲ್ಲಿ ಸಲೀಂ ಅಲಿ ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ನಡೆಸಿದರು. ಆದರೆ ಸಂಸ್ಥಾನಕ್ಕೆ ಕಡಲೇ ಇರಲಿಲ್ಲ. ಉತ್ತರ ಕನ್ನಡ ಮುಂಬಯಿಯಲ್ಲಿ, ದಕ್ಷಿಣ ಕನ್ನಡ ಮದ್ರಾಸಿನಲ್ಲಿ ಇದ್ದವು. ಹೀಗಾಗಿ ಈ ಭಾಗದಲ್ಲಿ ಹಿಂದೆ ಏನಿತ್ತು ಎಂದು ಕೇಳುವವರು ಇಂದಿಗೂ ಡೇವಿಡ್‌ಸನ್ನರ ಪುಟಗಳನ್ನೇ ತಿರುವಬೇಕು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದೂಕು, ಮೊಟ್ಟೆಪೆಟ್ಟಿಗೆ ಎರಡಕ್ಕೂ ತೆರೆ ಎಳೆಯಿತು. ಈಗಿನ ಚಿಂತೆ ನೆಲದ್ದು. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಉಪ್ಪು ತಾಳುವ ಕಗ್ಗ ಭತ್ತ. ಕೊಯ್ಲಾದ ಮೇಲೆ ಉಪ್ಪುನೀರು, ಮೀನು, ಸೀಗಡಿ. ಬೇಸಿಗೆಯಲ್ಲಿ ಬೆಳ್ಳಕ್ಕಿ, ಗೊರವಗಳಿಗೆ ಆ ಕೆಸರೇ ಊಟದ ಎಲೆ. ಹಲವೆಡೆ ಕಗ್ಗ ಹೋಗಿ ಬರಿಯ ಸೀಗಡಿ ಹೊಂಡಗಳಾಗಿವೆ. 2024ರಲ್ಲಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸಾರ್ ಪಟ್ಟಿ ಸೇರಿತು. ಈ ಪಟ್ಟಿ ಸೇರಿದರೂ ಗದ್ದೆಯ ಕಟ್ಟೆ ಒಡೆದರೆ ಮಣ್ಣು ಹೊರಬೇಕಾದವರು ರೈತರೇ. ಆ ಕೆಲಸ ಮಳೆಗೆ ಮುಂಚೆ ಮುಗಿಯಬೇಕು. ಮೊದಲ ಮಳೆ ಉಪ್ಪು ತೊಳೆದ ಬಳಿಕ ಕಗ್ಗದ ಬಿತ್ತನೆ.