ಮಾರಿಯ ಕಾಲದಲ್ಲಿ ಮನೆಬಾಗಿಲ ನೆರವು

ಕನ್ನಡದಲ್ಲಿ ‘ಮಾರಿ’ ಎಂಬ ಶಬ್ದಕ್ಕೆ ಗ್ರಾಮದೇವತೆಯೆಂಬ ಅರ್ಥವೂ ಉಂಟು, ಊರನ್ನೇ ಹಿಡಿಯುವ ಬೇನೆಯೆಂಬ ಅರ್ಥವೂ ಉಂಟು. ಬೇನೆ ಕಾಣಿಸಿಕೊಂಡಾಗ ಮಾರಿಯನ್ನು ಪೂಜಿಸಿ, ಮರದ ಚಿಕ್ಕ ಬಂಡಿಯಲ್ಲಿ ಕುಳ್ಳಿರಿಸಿ, ಊರಿನ ಎಲ್ಲೆಯಾಚೆಗೆ ಬಿಟ್ಟುಬರುವ ವಾಡಿಕೆ ಕರ್ನಾಟಕದ ಹಲವೆಡೆ ಇದ್ದಿತು. ಆಚೆಯ ಊರಿನವರು ಅದನ್ನು ತಮ್ಮ ಎಲ್ಲೆಯಿಂದ ಮುಂದಿನ ಊರಿಗೆ ಸಾಗಿಸುತ್ತಿದ್ದರು. ಎಲ್ಲೆ ದಾಟಿದರೆ ಹೊಣೆ ತೀರಿತೆಂಬ ಭಾವನೆ ಅದರೊಳಗೆ ಅಡಗಿದ್ದಿತು. ಇದನ್ನು ಮೌಢ್ಯವೆಂದು ಹಳಿಯುವುದು ಸುಲಭ. ಆದರೆ ಹತ್ತೊಂಬತ್ತನೆಯ ಶತಮಾನದ ಕಡೆಯಲ್ಲಿ ವೈದ್ಯಶಾಸ್ತ್ರದ ಹೆಸರಿನಲ್ಲಿ ಸರ್ಕಾರವು ಕೈಕೊಂಡ ಕ್ರಮವೂ ಮೊದಮೊದಲು ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. ರೋಗಿಯನ್ನು ಮನೆಯಿಂದ ಎಳೆದು ಊರ ಹೊರಗಿನ ಶಿಬಿರಕ್ಕೆ ಸಾಗಿಸುವುದೇ ಅದರ ಮುಖ್ಯಾಂಶವಾಗಿದ್ದಿತು. ರೋಗಿಯನ್ನು ಹೊರಗೆ ಸಾಗಿಸುವ ನೀತಿ ಹಿಂದೆ ಸರಿದು, ರೋಗಿ ಇದ್ದಲ್ಲಿಗೇ ನೆರವನ್ನು ಸಾಗಿಸುವ ನೀತಿ ಮುಂದೆ ಬರಲು ಸುಮಾರು ಇಪ್ಪತ್ತು ವರ್ಷಗಳು ಹಿಡಿದುವು. 1898ರ ಪ್ಲೇಗನ್ನೂ 1918ರ ಇನ್‌ಫ್ಲುಯೆಂಜಾ ಜ್ವರವನ್ನೂ ಜೊತೆಗಿಟ್ಟು ನೋಡಿದರೆ ಈ ಪರಿವರ್ತನೆ ಸ್ಪಷ್ಟವಾಗುತ್ತದೆ.

ಪ್ಲೇಗು 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಪ್ರದೇಶದಲ್ಲಿ ಕಾಣಿಸಿಕೊಂಡಿತು. ಮರುವರ್ಷ ಫೆಬ್ರುವರಿಯಲ್ಲಿಯೇ ಸಾಂಕ್ರಾಮಿಕ ರೋಗಗಳ ಕಾಯಿದೆ ಹೊರಬಂದಿತು. ಮನೆಗಳನ್ನು ಶೋಧಿಸಲು, ರೋಗಿಗಳನ್ನು ಬೇರ್ಪಡಿಸಲು, ಪ್ರಯಾಣಿಕರನ್ನು ತಡೆಯಲು ಅಧಿಕಾರಿಗಳಿಗೆ ಮಿತಿಯಿಲ್ಲದ ಅಧಿಕಾರ ದೊರೆಯಿತು. ಪುಣೆಯಲ್ಲಿ ಸೈನಿಕರು ಅಡಿಗೆಮನೆ, ದೇವರಮನೆಗಳನ್ನೂ ಹೊಕ್ಕು ಶೋಧಿಸಿದುದರ ಪರಿಣಾಮವಾಗಿ ಪ್ಲೇಗು ಅಧಿಕಾರಿ ರ್‍ಯಾಂಡ್ 1897ರ ಜೂನ್ 22ರಂದು ಚಾಪೇಕರ್ ಸೋದರರ ಗುಂಡಿಗೆ ಗುರಿಯಾದುದು ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಅದೇ ಪುಣೆಯಲ್ಲಿ, ಅದೇ ವರ್ಷ, ಸಾವಿತ್ರಿಬಾಯಿ ಫುಲೆಯವರು ರೋಗಪೀಡಿತ ಬಾಲಕನೊಬ್ಬನನ್ನು ಹೊತ್ತು ತಮ್ಮ ಮಗ ಯಶವಂತನ ಚಿಕಿತ್ಸಾಲಯಕ್ಕೆ ತಂದು, ಅದೇ ರೋಗ ತಗುಲಿ ಮಾರ್ಚ್ 10ರಂದು ದೇಹವಿಟ್ಟರು. ರ್‍ಯಾಂಡನ ಹೆಸರಿಗೆ ಪಾಠಪುಸ್ತಕಗಳಲ್ಲಿ ದೊರೆತಷ್ಟು ಸ್ಥಳ ಈ ಸಾವಿಗೆ ಬಹುಕಾಲ ದೊರೆಯಲಿಲ್ಲವೆಂಬುದು ವಿಷಾದದ ಸಂಗತಿ.

ಆಗಿನ ಅಧಿಕಾರಿಗಳನ್ನು ದೂಷಿಸುವ ಮೊದಲು ಅವರಿಗೆ ತಿಳಿದಿದ್ದುದು ಎಷ್ಟೆಂಬುದನ್ನೂ ನೋಡಬೇಕು. ಪ್ಲೇಗಿನ ರೋಗಾಣುವನ್ನು ಯೆರ್ಸಿನ್ ಎಂಬ ವಿಜ್ಞಾನಿ 1894ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದನು. ಅದು ಇಲಿಯ ಮೈಮೇಲಿನ ಚಿಗಟದಿಂದ ಮನುಷ್ಯನಿಗೆ ಬರುತ್ತದೆಂದು ಸಿಮೋಂ ಎಂಬವನು ಕರಾಚಿಯಲ್ಲಿ ಕಂಡುಕೊಂಡುದು 1898ರಲ್ಲಿ. ವಿದ್ವಾಂಸರು ಅದನ್ನು ಒಪ್ಪಿದುದು ಇನ್ನೂ ಹಲವು ವರ್ಷಗಳ ಮೇಲೆ. ಹೀಗಾಗಿ ಮನೆಗಳ ಹೆಂಚು ತೆಗೆದು ಬಿಸಿಲು ಬಿಡುವುದು, ಗೋಡೆಗಳಿಗೆ ಕಾರ್ಬಾಲಿಕ್ ದ್ರಾವಣ ಸುರಿಯುವುದು, ಬಟ್ಟೆಬರೆ ಸುಡುವುದು ಇವೆಲ್ಲ ಬಹುಮಟ್ಟಿಗೆ ಕತ್ತಲಲ್ಲಿ ಕಲ್ಲೆಸೆದಂತೆ ಆದುವು. ನಮ್ಮ ಹಳ್ಳಿಗರಿಗಾದರೋ ರೋಗಾಣುವಿನ ಸುಳಿವಿಲ್ಲದಿದ್ದರೂ ಒಂದು ಸೂತ್ರ ಬೇಗನೆ ತಿಳಿಯಿತು: ಇಲಿ ಬಿದ್ದರೆ ಊರು ಬಿಡು. ಸತ್ತ ಇಲಿ ಕಂಡೊಡನೆ ಜನ ಮನೆಗೆ ಬೀಗ ಹಾಕಿ ಹೊಲದಲ್ಲಿಯೋ ತೋಪಿನಲ್ಲಿಯೋ ಸೋಗೆಯ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಇಲಿಯೂ ಚಿಗಟವೂ ಹಿಂದಿನ ಮನೆಯಲ್ಲಿಯೇ ಉಳಿಯುತ್ತಿದ್ದುದರಿಂದ ಈ ಉಪಾಯ ಫಲಿಸುತ್ತಿದ್ದಿತು. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ವನ್ನು ಓದಿದವರಿಗೆ ಊರ ಹೊರಗಿನ ಆ ಷೆಡ್ಡುಗಳ ಬಾಳಾಗಲಿ, ನಂಜಮ್ಮನ ಮನೆಯಲ್ಲಿ ಆದ ಸಾವುಗಳಾಗಲಿ ಮರೆಯುವಂಥವಲ್ಲ. ಬಲವಂತದ ಶಿಬಿರಕ್ಕೂ ತಾನೇ ಕಟ್ಟಿಕೊಂಡ ಗುಡಿಸಲಿಗೂ ಹೊರನೋಟಕ್ಕೆ ಸಾಮ್ಯವಿದ್ದರೂ, ಒಂದರಲ್ಲಿ ರೋಗಿ ತನ್ನವರಿಂದ ದೂರವಾಗುತ್ತಿದ್ದನು. ಇನ್ನೊಂದರಲ್ಲಿ ಊರೇ ಜೊತೆಗಿರುತ್ತಿತ್ತು.

ಹುಬ್ಬಳ್ಳಿಯ ಪ್ರಸಂಗ ವಿಶೇಷ ಗಮನಕ್ಕೆ ಅರ್ಹವಾಗಿದೆ. ರೈಲ್ವೆಯ ಕಾರ್ಯಾಗಾರವಿದ್ದ, ಹತ್ತಿಯ ವ್ಯಾಪಾರದಿಂದ ಜನ ಸದಾ ಬಂದುಹೋಗುತ್ತಿದ್ದ ಆ ಪೇಟೆಗೆ ಪ್ಲೇಗು ಬಂದುದು ಆಶ್ಚರ್ಯವಲ್ಲ. ಹಾಫ್‌ಕಿನ್ ಎಂಬ ವಿಜ್ಞಾನಿ 1897ರ ಜನವರಿಯಲ್ಲಿ ಮುಂಬಯಿಯಲ್ಲಿ ಲಸಿಕೆಯನ್ನು ಸಿದ್ಧಪಡಿಸಿ ಮೊದಲು ತನ್ನ ಮೈಗೇ ಚುಚ್ಚಿಕೊಂಡಿದ್ದನು. ಆ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಜನರಿಗೆ ಹಾಕಿ ನೋಡಿದ ಊರುಗಳಲ್ಲಿ 1898ರ ಹುಬ್ಬಳ್ಳಿ ಮುಖ್ಯವಾದುದು. ಲ್ಯೂಮನ್ ಎಂಬ ವೈದ್ಯಾಧಿಕಾರಿಯ ಮೇಲ್ವಿಚಾರಣೆಯಲ್ಲಿ ಕೆಲವೇ ತಿಂಗಳುಗಳಲ್ಲಿ ಊರಿನ ಬಹುಪಾಲು ಜನ ಚುಚ್ಚಿಸಿಕೊಂಡರು. ಸೂಜಿಯ ಮೇಲಿನ ನಂಬಿಕೆಯೊಂದೇ ಇದಕ್ಕೆ ಕಾರಣವೆಂದು ಹೇಳಲಾಗದು. ಲಸಿಕೆ ಪಡೆದವರಿಗೆ ಶಿಬಿರವಾಸದ ನಿರ್ಬಂಧಗಳಿಂದ ವಿನಾಯಿತಿ ದೊರೆಯುತ್ತಿದ್ದಿತು. ಶಿಬಿರದ ಭಯ ಅಷ್ಟು ದೊಡ್ಡದಾಗಿದ್ದುದೇ ಜನ ಸೂಜಿಗೆ ತೋಳು ಚಾಚಲು ಕಾರಣವಾಯಿತು. ಅನಂತರ ಚುಚ್ಚಿಸಿಕೊಂಡ ಮನೆಯಲ್ಲಿ ಸಾವು ಕಡಿಮೆಯಾದುದನ್ನು ನೆರೆಯವರು ಕಣ್ಣಾರೆ ಕಂಡರು.

ಬೆಂಗಳೂರಿಗೆ ಪ್ಲೇಗು ತಲುಪಿದುದು 1898ರ ಆಗಸ್ಟಿನಲ್ಲಿ, ರೈಲುಮಾರ್ಗವಾಗಿಯೇ. ಆಗ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟರು, ಶೇಷಾದ್ರಿ ಅಯ್ಯರ್ ದಿವಾನರು, ವಿ. ಪಿ. ಮಾಧವರಾಯರು ಪ್ಲೇಗು ಕಮಿಷನರು. ಸಂಸ್ಥಾನದ ಆಡಳಿತ ಸ್ವಜನರ ಕೈಯಲ್ಲಿದ್ದರೂ ಕ್ರಮಗಳು ಮೊದಲಲ್ಲಿ ಬ್ರಿಟಿಷ್ ಪ್ರಾಂತಗಳದೇ ಅನುಕರಣವಾದುವು. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಜನ ದಂಗೆಯೆದ್ದುದು ಇದರ ಫಲ. ನಗರ ಮತ್ತು ದಂಡುಪ್ರದೇಶಗಳು ಸೇರಿ 1891ರಲ್ಲಿ 1,80,366 ಇದ್ದ ಬೆಂಗಳೂರಿನ ಜನಸಂಖ್ಯೆ 1901ರಲ್ಲಿ 1,59,046ಕ್ಕೆ ಇಳಿಯಿತು. ಸತ್ತವರೊಡನೆ ಊರು ಬಿಟ್ಟು ಹೋದವರೂ ಈ ಇಳಿತದಲ್ಲಿ ಸೇರಿದ್ದಾರೆ. ಇಕ್ಕಟ್ಟಿನ ಪೇಟೆಗೆ ಬದಲಾಗಿ ಬಸವನಗುಡಿ, ಮಲ್ಲೇಶ್ವರಗಳ ಅಗಲವಾದ ಬೀದಿಗಳು ತುಂಬಿದುದೂ ಈ ಭಯದಿಂದಲೇ. ಆದರೆ ನಿವೇಶನ ಕೊಳ್ಳುವ ಶಕ್ತಿಯಿದ್ದವರಿಗೆ ಮಾತ್ರ ಆ ಬೀದಿಗಳು ತೆರೆದಿದ್ದುವು. ಉಳಿದವರು ಪ್ಲೇಗಮ್ಮನ ಗುಡಿ ಕಟ್ಟಿಕೊಂಡರು.

ಈ ಕಾಲದಲ್ಲಿ ಬೆಂಗಳೂರಿನ ಪ್ಲೇಗು ಶಿಬಿರದಲ್ಲಿ ದುಡಿದ ವೈದ್ಯರಲ್ಲಿ ಡಾಕ್ಟರ್ ಪಲ್ಪು ಒಬ್ಬರು. ಈಳವ ಜಾತಿಯವರೆಂಬ ಕಾರಣಕ್ಕೆ ತಮ್ಮ ತಿರುವಾಂಕೂರು ಸಂಸ್ಥಾನದಲ್ಲಿ ಕೆಲಸ ದೊರೆಯದೆ ಅವರು ಮೈಸೂರಿನ ಸೇವೆಗೆ ಸೇರಿದವರು. ಸ್ವದೇಶದಲ್ಲಿ ರೋಗಿಯ ನಾಡಿ ಮುಟ್ಟಲು ಅನರ್ಹನೆನಿಸಿದವನು ಇಲ್ಲಿ ಮಿಕ್ಕವರೆಲ್ಲ ಮುಟ್ಟಲು ಅಂಜಿದ ರೋಗಿಗಳನ್ನು ಮುಟ್ಟಿದನು. ಪ್ಲೇಗಿನ ಕಾಲದಲ್ಲಿ ಯಾರು ಯಾರನ್ನು ಮುಟ್ಟಬಹುದು, ಶವವನ್ನು ಯಾರು ಹೊರಬೇಕು ಎಂಬ ಪ್ರಶ್ನೆ ಎಷ್ಟು ಕಠೋರವಾಗಿದ್ದಿತೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (1965) ಕಂಡಿದ್ದಾರೆ. ಅಗ್ರಹಾರವೆಲ್ಲ ಶಾಸ್ತ್ರ ಹುಡುಕುತ್ತಿರುವಾಗ ನಾರಣಪ್ಪನ ಶವವನ್ನು ದಹಿಸಲು ಚಂದ್ರಿಗೆ ನೆರವಾಗುವವನು ಒಬ್ಬ ಮುಸಲ್ಮಾನ. ವಚನಕಾರರಲ್ಲಿ ವೈದ್ಯವೃತ್ತಿಯ ಪರಿಭಾಷೆಯನ್ನೇ ಅನುಭಾವದ ಭಾಷೆಯನ್ನಾಗಿಸಿದ ವೈದ್ಯ ಸಂಗಣ್ಣನಂಥವರು ಇದ್ದ ನಾಡಿನಲ್ಲಿಯೂ ಶುಶ್ರೂಷೆ ಕೀಳು ಕೆಲಸವೆಂಬ ಭಾವನೆ ಉಳಿದುಬಂದುದು ವಿಚಾರಾರ್ಹ.

ಇಪ್ಪತ್ತು ವರ್ಷಗಳ ಬಳಿಕ ಬಂದ ಮಾರಿಯ ಬಗೆಯೇ ಬೇರೆ. ಮಹಾಯುದ್ಧದ ಕೊನೆಯಲ್ಲಿ, 1918ರ ಜೂನಿನಲ್ಲಿ, ಇನ್‌ಫ್ಲುಯೆಂಜಾ ಮುಂಬಯಿಯ ಬಂದರಿಗೆ ಬಂದಿತು. ಮೊದಲ ಅಲೆ ಸೌಮ್ಯವಾಗಿದ್ದು, ಸೆಪ್ಟೆಂಬರಿನಿಂದೀಚೆಗೆ ಎದ್ದ ಎರಡನೆಯದು ಭೀಕರವಾಯಿತು. ಭಾರತದಲ್ಲಿ ಸತ್ತವರ ಸಂಖ್ಯೆಯನ್ನು 1.2 ಕೋಟಿಯಿಂದ 1.8 ಕೋಟಿಯವರೆಗೆ ಅಂದಾಜು ಮಾಡಲಾಗಿದೆ. ಪ್ಲೇಗು ತಿಂಗಳುಗಟ್ಟಲೆ ಸುಳಿದಾಡಿದರೆ ಇದು ಕೆಲವೇ ವಾರಗಳಲ್ಲಿ ಊರನ್ನು ಕೆಡವಿ ಹೋಗುತ್ತಿದ್ದಿತು. ಮುದುಕರನ್ನೂ ಕೂಸುಗಳನ್ನೂ ಬಿಟ್ಟು, ಇಪ್ಪತ್ತರಿಂದ ನಲವತ್ತರ ವಯಸ್ಸಿನ ದುಡಿಯುವ ಜನರನ್ನೇ ಹೆಚ್ಚಾಗಿ ಆರಿಸಿಕೊಂಡಿತು, ಅವರಲ್ಲಿಯೂ ಹೆಂಗಸರನ್ನು. ಆ ವರ್ಷ ಮುಂಗಾರು ಕೈಕೊಟ್ಟು ಧಾನ್ಯದ ಬೆಲೆ ಏರಿದ್ದುದು ಗಾಯದ ಮೇಲೆ ಬರೆ ಎಳೆದಂತಾಯಿತು.

ಲಸಿಕೆ ಇರಲಿಲ್ಲ, ಔಷಧವೂ ಇರಲಿಲ್ಲ. ಮನೆಮಂದಿಯೆಲ್ಲ ಒಟ್ಟಿಗೆ ಹಾಸಿಗೆ ಹಿಡಿದಾಗ ಒಲೆ ಹಚ್ಚುವವರಿಲ್ಲ, ಬಾವಿಯಿಂದ ಒಂದು ಕೊಡ ನೀರು ತರುವವರಿಲ್ಲ. ಜ್ವರದಿಂದ ಬದುಕಿ ಉಳಿಯಬಹುದಾಗಿದ್ದವರು ನೀರು, ಅನ್ನ, ಹೊದಿಕೆ ಇಲ್ಲದೆ ಸತ್ತರು. ಇಂಥಲ್ಲಿ ಬಿಸಿ ಗಂಜಿ, ಬೆಚ್ಚನೆಯ ಕಂಬಳಿ, ವಿಶ್ರಾಂತಿ ಇವೇ ಚಿಕಿತ್ಸೆ. ಬೆಂಗಳೂರಿನಲ್ಲಿ ಸ್ವಯಂಸೇವಕರು ಬಡವರ ಕೇರಿಗಳಿಗೆ ಔಷಧದೊಡನೆ ಗಂಜಿಯನ್ನೂ ಹಂಚಿದರು. ರೋಗದ ಲಕ್ಷಣವನ್ನೂ ಪಥ್ಯವನ್ನೂ ದೇಶಭಾಷೆಗಳಲ್ಲಿ ತಿಳಿಸಲಾಯಿತು. ಆಗ ನಗರಸಭೆಯ ಅಧ್ಯಕ್ಷರಾಗಿದ್ದವರು ವೀರಶೈವ ಸಮಾಜದ ಗಣ್ಯರಾದ ಕೆ. ಪಿ. ಪುಟ್ಟಣ್ಣಚೆಟ್ಟರು. 1935ರಲ್ಲಿ ಕಟ್ಟಿ ಮುಗಿದ ಪುರಭವನವು ಅವರ ಹೆಸರನ್ನು ಹೊತ್ತಿದೆ. ಗಂಜಿಯ ಕೊಳಗಗಳಿಗೆ ಮಾತ್ರ ಸ್ಮಾರಕವಿಲ್ಲ.

ಭಾರತ ಸರ್ಕಾರದ ಸ್ಯಾನಿಟರಿ ಕಮಿಷನರ್ ನಾರ್ಮನ್ ವೈಟ್ 1919ರ ತನ್ನ ವರದಿಯಲ್ಲಿ, ವಿದ್ಯಾವಂತರೂ ಅನುಕೂಲಸ್ಥರೂ ಬಡವರ ನೆರವಿಗೆ ಇಷ್ಟು ಸಂಖ್ಯೆಯಲ್ಲಿ ಮುಂದೆ ಬಂದುದು ಈ ದೇಶದಲ್ಲಿ ಹಿಂದೆಂದೂ ಕಂಡಿರಲಿಲ್ಲವೆಂಬ ಆಶಯದ ಮಾತನ್ನು ಬರೆದನು. ಆ ಪ್ರಶಂಸೆಯ ಮರೆಯಲ್ಲಿ ಸರ್ಕಾರದ ಅಸಹಾಯಕತೆಯೂ ಅಡಗಿದೆ, ವೈದ್ಯರಲ್ಲಿ ಅನೇಕರು ಯುದ್ಧಕ್ಕೆ ಹೋಗಿದ್ದರಲ್ಲ! ಇನ್ನೊಂದು ಕೊರತೆಯನ್ನೂ ಹೇಳಲೇಬೇಕು. ಈ ನೆರವು ಮುಖ್ಯವಾಗಿ ನಗರದ ನೆರವು. ವೈದ್ಯನೂ ಇಲ್ಲದ, ಸ್ವಯಂಸೇವಕನೂ ತಲುಪದ ಹಳ್ಳಿಗಳಲ್ಲಿ ನೆರೆಮನೆಯೇ ಆಸ್ಪತ್ರೆ. ನೆರೆಮನೆಯೂ ಮಲಗಿದರೆ ಏನೂ ಇಲ್ಲ. 1911ರಲ್ಲಿ 58,06,193 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1921ರಲ್ಲಿ 59,78,892 ಆಯಿತು. ಹತ್ತು ವರ್ಷಗಳ ಹೆಚ್ಚಳ ನೂರಕ್ಕೆ ಮೂರು ಮಾತ್ರ.

ಹಳ್ಳಿಯ ಆ ಕೊರತೆ 2020ರ ಕೊರೊನಾ ಕಾಲದಲ್ಲಿ ಬೇರೊಂದು ರೀತಿಯಿಂದ ತುಂಬಿತು. 1897ರ ಅದೇ ಕಾಯಿದೆಯನ್ನು ಮತ್ತೆ ಹೊರತೆಗೆಯಲಾಯಿತು. ಆದರೆ ಆ ವರ್ಷವೇ ಅದಕ್ಕೆ ತಿದ್ದುಪಡಿಯಾಗಿ, ಆರೋಗ್ಯ ಕಾರ್ಯಕರ್ತರ ಮೇಲೆ ಕೈಮಾಡುವವರಿಗೆ ಶಿಕ್ಷೆಯನ್ನು ವಿಧಿಸುವ ಕಲಮುಗಳು ಸೇರಿದುವು. ಮನೆ ಮನೆಯ ಬಾಗಿಲಿಗೆ ಹೋಗಿ ಜ್ವರ ವಿಚಾರಿಸಿದವರು, ಹೊರಗಿನಿಂದ ಬಂದವರ ಲೆಕ್ಕವಿಟ್ಟವರು ಆಶಾ ಕಾರ್ಯಕರ್ತೆಯರು. 1918ರ ಸ್ವಯಂಸೇವಕರು ಉಳ್ಳವರ ಮಕ್ಕಳು. ಇವರಾದರೋ ಬಹುಪಾಲು ಬಡಮನೆಗಳ ಹೆಣ್ಣುಮಕ್ಕಳು, ಸಂಬಳವಿಲ್ಲದೆ ಗೌರವಧನದ ಮೇಲೆ ದುಡಿಯುವವರು. ತಮ್ಮ ಕಾಯಕಕ್ಕೆ ತಿಂಗಳಿಗೆ 12,000 ರೂಪಾಯಿಗಳ ನಿಶ್ಚಿತ ಗೌರವಧನ ಬೇಕೆಂದು ಕೇಳಿ ಅವರು 2020ರ ಜುಲೈನಲ್ಲಿ, ರೋಗ ಏರುತ್ತಿದ್ದ ದಿನಗಳಲ್ಲಿಯೇ, ಕರ್ನಾಟಕದಾದ್ಯಂತ ಮುಷ್ಕರ ಹೂಡಿದರು.