ಆಟಕ್ಕೆ ಜೊತೆ ಯಾರು? ವಿಡಿಯೋ ಗೇಮ್ ಮತ್ತು ತುಮಕೂರು ಸೀಮೆಯ ಬಾಲ್ಯ

ಮಕ್ಕಳ ಕೈಯಲ್ಲಿ ಮೊಬೈಲ್ ಕಂಡ ಕೂಡಲೇ ಮನೆಯವರ ಬಾಯಿಂದ ಬರುವ ಮಾತು ಒಂದೇ: ‘ಎಷ್ಟು ಹೊತ್ತಿಂದ ಆಡ್ತಾ ಇದೀಯ?’ ಪೋಷಕರ ಸಭೆಯಲ್ಲಿ ಮೇಷ್ಟ್ರು ಕೇಳುವುದೂ ಅದನ್ನೇ. ಕೇಳಬೇಕಾದ ಪ್ರಶ್ನೆಯೇ. ಆದರೆ ತುಮಕೂರು, ಗುಬ್ಬಿ, ಕುಣಿಗಲ್‌ಗಳಂಥ ಊರುಗಳಿಗೆ ವಿಡಿಯೋ ಗೇಮ್ ಬಂದ ದಾರಿಯನ್ನೂ, ಅದರ ಬಗ್ಗೆ ಹೊರಗಡೆ ನಡೆದ ಅಧ್ಯಯನಗಳನ್ನೂ ಜೊತೆಗಿಟ್ಟು ನೋಡಿದರೆ ಗಂಟೆ ಲೆಕ್ಕಕ್ಕಿಂತ ಮುಖ್ಯವಾದ ಇನ್ನೆರಡು ಪ್ರಶ್ನೆಗಳು ಎದುರಾಗುತ್ತವೆ. ಮಗು ಯಾರ ಜೊತೆ ಆಡುತ್ತಿದೆ? ಆಡುತ್ತಿರುವ ಆಟಕ್ಕೆ ಕೊನೆ ಇದೆಯೇ?

ಗೋಲಿ, ಚೌಕಾಬಾರ, ನಾಟಕ

ಆಟದಿಂದ ಮಕ್ಕಳು ಏನು ಕಲಿಯುತ್ತಾರೆ ಎಂಬ ಆಧುನಿಕ ವಿಚಾರ ಗೋಲಿಯಾಟದಿಂದ ಶುರುವಾಯಿತು ಎನ್ನಬಹುದು. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಗೋಲಿ ಆಡುವ ಹುಡುಗರ ನಡುವೆ ಕೂತು, ನಿಯಮಗಳ ಬಗ್ಗೆ ಅವರನ್ನು ಕೇಳಿ ಕೇಳಿ, 1932ರಲ್ಲಿ ಪುಸ್ತಕ ಬರೆದರು. ಚಿಕ್ಕವರಿಗೆ ನಿಯಮವೆಂದರೆ ದೊಡ್ಡವರು ಹಾಕಿಕೊಟ್ಟ ಗೆರೆ. ಬೆಳೆದಂತೆಲ್ಲ ಅದು ತಾವೇ ಜಗಳವಾಡಿ, ಒಪ್ಪಿ, ಬದಲಿಸಿಕೊಳ್ಳಬಹುದಾದ ಒಪ್ಪಂದವಾಗುತ್ತದೆ. ನ್ಯಾಯ ಎಂಬುದರ ಮೊದಲ ಪಾಠ ಅಲ್ಲಿದೆ ಎಂದರು ಪಿಯಾಜೆ. ಚೌಕಾಬಾರದಲ್ಲಿ ಕಾಯಿ ಕಡಿದದ್ದು ಸರಿಯೋ ತಪ್ಪೋ ಎಂದು ಜಗುಲಿಯ ಮೇಲೆ ವಾದಿಸಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಟ ಕಂಡರೆ ಹಿರಿಯರಿಗೆ ಭಯ ಎಂಬುದೂ ಹೊಸದಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಕಂಪನಿಗೆ ನಟ ಗುಬ್ಬಿ ವೀರಣ್ಣನವರು ಕಾಲಿಟ್ಟಾಗ ಅವರಿನ್ನೂ ಚಿಕ್ಕ ಹುಡುಗ. ರಂಗನಿರ್ದೇಶಕ ಬಿ.ವಿ. ಕಾರಂತರು ಬಾಲ್ಯದಲ್ಲಿ ಮನೆ ಬಿಟ್ಟು ಓಡಿಬಂದು ಸೇರಿದ್ದು ಇದೇ ಕಂಪನಿಯನ್ನು. ಕಂಪನಿ ಸೇರಿದ ಹುಡುಗ ಕೆಟ್ಟ ಎನ್ನುತ್ತಿದ್ದ ಕಾಲವದು. ಆದರೂ ಇನ್ನೊಬ್ಬರ ವೇಷ ತೊಟ್ಟು, ಇನ್ನೊಬ್ಬರ ಮಾತಾಡುತ್ತಲೇ ಎಷ್ಟೋ ಹುಡುಗರು ಅಲ್ಲಿ ತಮ್ಮತನ ಕಂಡುಕೊಂಡರು. ಅವರ ಸುತ್ತ ಮೇಷ್ಟ್ರಿದ್ದರು, ಸಹನಟರಿದ್ದರು, ಎದುರಿಗೆ ಪ್ರೇಕ್ಷಕರಿದ್ದರು ಎಂಬುದನ್ನು ಮರೆಯಬಾರದು.

ಗಂಟೆ ಲೆಕ್ಕದ ಅಂಗಡಿ

ಅಟಾರಿಯ ‘ಪಾಂಗ್’ ಬಂದದ್ದು 1972ರಲ್ಲಿ. ಆದರೆ ನಮ್ಮ ಊರುಗಳಿಗೆ ನಿಜವಾಗಿ ತಲುಪಿದ ಯಂತ್ರ ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ಹೊರತಂದ ಫ್ಯಾಮಿಕಾಮ್, ಅದೂ ಅಗ್ಗದ ನಕಲುಗಳ ರೂಪದಲ್ಲಿ. ತೊಂಬತ್ತರ ದಶಕದಲ್ಲಿ ಸಣ್ಣ ಪಟ್ಟಣಗಳ ಬೀದಿಗಳಲ್ಲೂ ಹಳೇ ಟಿವಿ, ಎರಡು ಜಾಯ್‌ಸ್ಟಿಕ್, ಒಂದು ಬೆಂಚು ಇಟ್ಟುಕೊಂಡ ವಿಡಿಯೋ ಗೇಮ್ ಅಂಗಡಿಗಳು ತಲೆಯೆತ್ತಿದವು. ಗಂಟೆ, ಅರ್ಧ ಗಂಟೆಯ ಲೆಕ್ಕಕ್ಕೆ ಕಾಸು. ಆಟದ ಕಾರ್ಟ್ರಿಜ್‌ಗೆ ಹುಡುಗರು ಹೇಳುತ್ತಿದ್ದದ್ದು ಕ್ಯಾಸೆಟ್ ಎಂದು. ಅದು ಓಡದಿದ್ದರೆ ಹೊರಗೆ ತೆಗೆದು, ಬಾಯಿಂದ ಉಫ್ ಎಂದು ಊದಿ, ಮತ್ತೆ ಹಾಕುವುದು ಎಲ್ಲರಿಗೂ ಗೊತ್ತಿದ್ದ ಚಿಕಿತ್ಸೆ.

ಆ ಅಂಗಡಿಯ ರಾಜ ‘ಕಾಂಟ್ರಾ’. 1987ರ ಈ ಆಟವನ್ನು ಇಬ್ಬರು ಒಟ್ಟಿಗೆ ಆಡಬಹುದಿತ್ತು. ಮೂರನೆಯ ಹಂತದಲ್ಲಿ ಜಲಪಾತ ಹತ್ತಬೇಕು. ಮುಂದಿದ್ದವನು ಮೇಲೆ ಮೇಲೆ ನೆಗೆದಂತೆ ಪರದೆಯೂ ಮೇಲಕ್ಕೆ ಸರಿಯುತ್ತದೆ, ಹಿಂದುಳಿದವನು ಪರದೆಯ ಕೆಳಗೆ ಬಿದ್ದು ಸಾಯುತ್ತಾನೆ. ಹಾಗಾಗಿ ‘ತಡಿಯೋ, ಬರ್ತೀನಿ’ ಎಂಬ ಕೂಗಿಗೆ ನಿಲ್ಲುವುದು ಕಲಿಯಲೇಬೇಕಿತ್ತು. ಒಬ್ಬನ ಲೈಫುಗಳೆಲ್ಲ ಮುಗಿದರೆ ಜೊತೆಗಾರನ ಪಾಲಿನಿಂದ ಒಂದು ಪಡೆದು ಆಟಕ್ಕೆ ಮರಳಬಹುದಿತ್ತು. ಯಾರ ಲೈಫ್ ಯಾರು ತಿಂದರು ಎಂಬ ಜಗಳ ಅಂಗಡಿಯಿಂದ ಹೊರಗೆ, ಮನೆ ದಾರಿಯುದ್ದಕ್ಕೂ ಮುಂದುವರಿಯುತ್ತಿತ್ತು. ನಿಯಮವನ್ನು ಯಂತ್ರ ಕಾಯುತ್ತಿತ್ತು. ಸರದಿ ಯಾರದು, ಸಾಲ ಎಷ್ಟು, ಸೋತವನು ಏಳಬೇಕೇ ಎಂಬುದನ್ನೆಲ್ಲ ಹುಡುಗರೇ ಬಗೆಹರಿಸಿಕೊಳ್ಳಬೇಕಿತ್ತು. ಪಿಯಾಜೆಯ ಗೋಲಿ ಇನ್ನೂ ಪೂರ್ತಿ ಕಳೆದುಹೋಗಿರಲಿಲ್ಲ. ಆಟಕ್ಕೂ ಕೊನೆ ಇತ್ತು. ಎಂಟು ಹಂತ ಮುಗಿದರೆ ಮುಗಿಯಿತು. ನಡುವೆ ಕರೆಂಟು ಹೋದರೆ ಅಲ್ಲಿಗೇ ಮುಕ್ತಾಯ.

ಈ ಲೋಕಕ್ಕೆ ದೊಡ್ಡ ಕೊರತೆಯೊಂದಿತ್ತು. ಅಲ್ಲಿ ಹೆಣ್ಣುಮಕ್ಕಳು ಕಾಣುತ್ತಿದ್ದದ್ದು ತೀರಾ ಅಪರೂಪ.

ಅದೇ ಹೊತ್ತಿನಲ್ಲಿ ಅಮೆರಿಕದಲ್ಲಿ ಚರ್ಚೆ ನಡೆದದ್ದು ಹಿಂಸೆಯ ಸುತ್ತ. ‘ಮಾರ್ಟಲ್ ಕಾಂಬ್ಯಾಟ್’ನ ರಕ್ತ ಕಂಡು 1993ರಲ್ಲಿ ಸೆನೆಟ್ ವಿಚಾರಣೆ ನಡೆಯಿತು, ಮರುವರ್ಷ ಆಟಗಳಿಗೆ ವಯಸ್ಸಿನ ಮುದ್ರೆ ಹಾಕುವ ವ್ಯವಸ್ಥೆ ಬಂತು. ಹಿಂಸೆಯ ಆಟ ಆಕ್ರಮಣಶೀಲತೆಯನ್ನು ಹೆಚ್ಚಿಸುತ್ತದೆ ಎಂದು ಸಂಶೋಧಕರಾದ ಆಂಡರ್ಸನ್ ಮತ್ತು ಬುಷ್‌ಮನ್ 2001ರಲ್ಲಿ ವಾದಿಸಿದರು. 2019ರಲ್ಲಿ ಪ್ರಿಜ್‌ಬಿಲ್‌ಸ್ಕಿ ಮತ್ತು ವೈನ್‌ಸ್ಟೈನ್ ಬ್ರಿಟನ್ನಿನ 14–15ರ ಹರೆಯದವರನ್ನು ಅಧ್ಯಯನ ಮಾಡಿದಾಗ ಅಂಥ ನಂಟು ಸಿಗಲಿಲ್ಲ. ಆಟವನ್ನೂ ನಿಜವಾದ ಹಿಂಸಾಚಾರವನ್ನೂ ಬೆಸೆಯಲು ಸಾಕಷ್ಟು ಆಧಾರವಿಲ್ಲ ಎಂದು ಅಮೆರಿಕದ ಮನಶ್ಶಾಸ್ತ್ರ ಸಂಘವೇ 2020ರಲ್ಲಿ ಹೇಳಿತು. ಮೂರು ದಶಕದ ಆತಂಕ ಸರಿಯಾದ ಜಾಗಕ್ಕೆ ಕೈ ಇಟ್ಟಿರಲಿಲ್ಲ.

ಕೆಫೆ, ಹಾಸ್ಟೆಲ್

ಎರಡು ಸಾವಿರದ ಆಸುಪಾಸಿನಲ್ಲಿ ಆಟ ಕಂಪ್ಯೂಟರಿಗೆ ಹಾರಿತು. ತುಮಕೂರು ಕಾಲೇಜುಗಳ ಊರು. 1963ರ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯ, 1979ರ ಸಿದ್ಧಾರ್ಥ ತಾಂತ್ರಿಕ ವಿದ್ಯಾಲಯ ಇಲ್ಲಿವೆ, ಗುಬ್ಬಿಯಲ್ಲೂ 2001ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು. ಇಂಥ ಊರುಗಳ ಹಾಸ್ಟೆಲ್ ಕೋಣೆಗಳಲ್ಲಿ, ಸೈಬರ್ ಕೆಫೆಗಳಲ್ಲಿ ಲ್ಯಾನ್ ತಂತಿ ಎಳೆದು ಆಡಿದ ‘ಕೌಂಟರ್ ಸ್ಟ್ರೈಕ್’, ‘ಏಜ್ ಆಫ್ ಎಂಪೈರ್ಸ್’, ಅವುಗಳ ಜೊತೆಗೆ ‘ವೈಸ್ ಸಿಟಿ’, ‘ಕ್ರಿಕೆಟ್ 07’ ಒಂದು ಇಡೀ ತಲೆಮಾರಿನ ನೆನಪು. ಲ್ಯಾನ್ ಆಟದಲ್ಲಿ ಎದುರಾಳಿ ಪಕ್ಕದ ಕೋಣೆಯಲ್ಲೇ ಇರುತ್ತಿದ್ದ. ಗೆದ್ದ ಕೂಗೂ ಬೈಗುಳವೂ ಗೋಡೆ ದಾಟಿ ಕೇಳುತ್ತಿತ್ತು.

ಸಂಶೋಧನೆಯ ಧಾಟಿ ಬದಲಾದದ್ದೂ ಆಗಲೇ. ಚುರುಕಿನ ಆಟಗಳನ್ನು ಆಡುವವರ ದೃಷ್ಟಿಯ ಗಮನಶಕ್ತಿ ಹೆಚ್ಚುತ್ತದೆ ಎಂದು ಗ್ರೀನ್ ಮತ್ತು ಬವೆಲಿಯರ್ 2003ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಒಳ್ಳೆಯ ಆಟ ಸೋಲಿಗೆ ದೊಡ್ಡ ಶಿಕ್ಷೆ ಕೊಡದೆ ಮತ್ತೆ ಯತ್ನಿಸಲು ಬಿಡುತ್ತದೆ, ಬೇಕಾದಾಗ ಬೇಕಾದಷ್ಟನ್ನೇ ಕಲಿಸುತ್ತದೆ, ಶಾಲೆ ಇದನ್ನು ನೋಡಿ ಕಲಿಯಬೇಕು ಎಂದು ಶಿಕ್ಷಣತಜ್ಞ ಜೇಮ್ಸ್ ಪಾಲ್ ಗೀ ಅದೇ ವರ್ಷ ಬರೆದರು. ಆಟ ಹೊಟ್ಟೆಪಾಡೂ ಆಗಬಹುದೆಂಬುದು ಬೆಂಗಳೂರಿನಲ್ಲಿ ಆಗಲೇ ಕಂಡಿತ್ತು. ರಾಜೇಶ್ ರಾವ್ 1997ರಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಲ ಗೇಮ್ ಕಂಪನಿಗಳಲ್ಲೊಂದು. 2012ರಲ್ಲಿ ರಾಜ್ಯ ಸರ್ಕಾರ ಅನಿಮೇಷನ್ ಮತ್ತು ಗೇಮಿಂಗ್‌ಗೆಂದೇ ನೀತಿ ರೂಪಿಸಿತು.

ಜೇಬಿನೊಳಗಿನ ಆಟ

ನೋಕಿಯಾದ ‘ಸ್ನೇಕ್’ 1997ರಲ್ಲೇ ಫೋನಿಗೆ ಬಂದಿತ್ತು. ಹಳ್ಳಿಗೂ ಪಟ್ಟಣಕ್ಕೂ ವ್ಯತ್ಯಾಸ ಅಳಿಸಿದ್ದು ಮಾತ್ರ 2016ರ ಸೆಪ್ಟೆಂಬರಿನಲ್ಲಿ ಬಂದ ಜಿಯೋ. ಡೇಟಾ ಅಗ್ಗವಾಯಿತು, 2018ರಲ್ಲಿ ಪಬ್‌ಜಿ ಮೊಬೈಲ್ ಬಂತು. ಗುಬ್ಬಿಯ ಅಡಿಕೆ ತೋಟದ ಮನೆಯಲ್ಲಿರುವ ಹುಡುಗ, ಕುಣಿಗಲ್‌ನ ಗೆಳೆಯ, ತುಮಕೂರಿನ ಚಿಕ್ಕಪ್ಪನ ಮಗ ಒಂದೇ ಸ್ಕ್ವಾಡ್ ಆಗುವುದು ಸಾಧ್ಯವಾಯಿತು. ಅಂಗಡಿಗೆ ಹೋಗಲಾಗದ ಹೆಣ್ಣುಮಕ್ಕಳೂ ಆಟಕ್ಕೆ ಬಂದರು. ಅಪರಿಚಿತರ ಕೆಟ್ಟ ಮಾತಿಗೆ ಅಂಜಿ ಮೈಕ್ ಆಫ್ ಮಾಡಿಕೊಂಡು ಆಡುವವರೂ ಅವರಲ್ಲಿದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ‘ಲುಡೋ ಕಿಂಗ್’ ಅಜ್ಜಿ–ಮೊಮ್ಮಕ್ಕಳನ್ನು ಒಂದೇ ಪರದೆಗೆ ಕೂರಿಸಿತು. ಆನ್‌ಲೈನ್ ಪಾಠದ ನೆಪದಲ್ಲಿ ಮಗುವಿನ ಪಾಲಿಗೇ ಒಂದು ಫೋನೂ ಬಂತು.

ನಷ್ಟವೂ ಇಲ್ಲೇ ಶುರು. ಬೆಂಚಿನ ಮೇಲೆ ಕಾಯುತ್ತಿದ್ದ ಇನ್ನೊಬ್ಬ ಹುಡುಗ ಮಾಯವಾದ. ‘ಟೈಮಾಯ್ತು, ಏಳ್ರೋ’ ಎನ್ನುತ್ತಿದ್ದ ಅಂಗಡಿಯಣ್ಣನೂ ಇಲ್ಲ. ದಿನಕ್ಕೊಮ್ಮೆ ಬಂದವರಿಗೆ ಬಹುಮಾನ, ಸೀಸನ್ ಪಾಸ್, ದುಡ್ಡಿಗೆ ಸಿಗುವ ಬಟ್ಟೆ–ಬಂದೂಕಿನ ಬಣ್ಣ, ಒಳಗೇನಿದೆ ಎಂದು ಗೊತ್ತಿಲ್ಲದೆ ಕೊಳ್ಳುವ ಪೆಟ್ಟಿಗೆ, ಇವೆಲ್ಲ ಆಟ ಮುಗಿಯದಿರಲೆಂದೇ ಹೆಣೆದವು. ಇಂಥ ಪೆಟ್ಟಿಗೆಗಳನ್ನು ಬೆಲ್ಜಿಯಂ 2018ರಲ್ಲೇ ಜೂಜೆಂದು ಕರೆಯಿತು.

ಚಿಕಿತ್ಸೆಯ ಕ್ಷೇತ್ರ ಬೆಳೆದದ್ದು ಇದರ ಹಿಂದೆಯೇ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ ‘ಷಟ್’ ಕ್ಲಿನಿಕ್ ತೆರೆಯಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ಕಾಯಿಲೆಗಳ ಪಟ್ಟಿಯಲ್ಲಿ ಗೇಮಿಂಗ್ ಗೀಳೂ ಸೇರಿತು. ಅದರ ಲಕ್ಷಣಗಳನ್ನು ಪ್ರತಿ ಪೋಷಕರೂ ತಿಳಿದಿರಬೇಕು: ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮೇಲಾಗುವುದು, ಕೆಡುಕು ಕಂಡರೂ ನಿಲ್ಲಿಸಲಾಗದಿರುವುದು, ಸಾಮಾನ್ಯವಾಗಿ ವರ್ಷದಷ್ಟು ಕಾಲ ಇದು ಹಾಗೇ ಇರುವುದು. ಪರೀಕ್ಷೆ ಹತ್ತಿರ ಬಂದಾಗ ನಾಲ್ಕು ದಿನ ಹೆಚ್ಚು ಆಡಿದ ಮಗುವಿಗೆ ಈ ಹೆಸರು ಅಂಟಿಸುವುದು ಅನ್ಯಾಯ.

ಕಾನೂನಿನ ದಾರಿ

ಸರ್ಕಾರಗಳು ತಡವಾಗಿ, ತಡವರಿಸುತ್ತ ಬಂದವು. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ, 2022ರ ಫೆಬ್ರುವರಿಯಲ್ಲಿ ‘ಫ್ರೀ ಫೈರ್’ ನಿಷೇಧಗೊಂಡದ್ದು ದೇಶದ ಭದ್ರತೆಯ ಕಾರಣಕ್ಕೆ. ಮಕ್ಕಳ ಬೆಳವಣಿಗೆ ಅಲ್ಲಿ ವಿಷಯವೇ ಆಗಿರಲಿಲ್ಲ. ಪಬ್‌ಜಿಯ ಜಾಗಕ್ಕೆ ಬಂದ ಬಿಜಿಎಂಐ ಹದಿನೆಂಟರ ಒಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಹಾಕಿತು. ಹಣ ಪಣಕ್ಕಿಡುವ ಆಟಗಳನ್ನು ತಡೆಯಲು ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ದುಡ್ಡಿನ ಆಟಗಳನ್ನು ನಿಷೇಧಿಸಿ, ಇ–ಸ್ಪೋರ್ಟ್ಸ್ ಮತ್ತು ಸಾಮಾಜಿಕ ಆಟಗಳನ್ನು ಬೇರೆಯಾಗಿ ಗುರುತಿಸಿತು. ಆಟ ಬೇರೆ, ಜೂಜು ಬೇರೆ ಎಂಬ ಗೆರೆ ಬಿದ್ದದ್ದು ಒಳ್ಳೆಯದೇ. ಮುಗಿಯದಂತೆ ಹೆಣೆದ ಆಟವನ್ನು ಏನು ಮಾಡಬೇಕೆಂಬುದು ಇನ್ನೂ ಬಾಕಿಯಿದೆ.

ಇನ್ನು ಮುಂದೆ

ಈ ಇಡೀ ದಾರಿಯಲ್ಲಿ ಪರದೆ ಚಿಕ್ಕದಾಗುತ್ತ ಬಂದಿದೆ, ಅದರ ಜೊತೆಗೇ ಮಗುವಿನ ಪಕ್ಕದ ಜಾಗ ಖಾಲಿಯಾಗುತ್ತ ಬಂದಿದೆ. ಹಾಗಾಗಿ ಫೋನ್ ಕಿತ್ತುಕೊಳ್ಳುವುದಕ್ಕಿಂತ ಆ ಜಾಗ ತುಂಬುವುದೇ ಮೊದಲ ಕೆಲಸ. ಮಗ ಆಡುವ ಆಟವನ್ನು ಅಪ್ಪ ಒಂದು ಸಲ ಜೊತೆಗೆ ಕೂತು ಆಡಲಿ, ಆಗ ಬೈಯಲೂ ಮೆಚ್ಚಲೂ ಒಂದು ಆಧಾರ ಸಿಗುತ್ತದೆ. ಕೊನೆಯಿರುವ ಆಟಗಳನ್ನು, ಇಬ್ಬರು ಆಡುವ ಆಟಗಳನ್ನು ಮನೆಯವರು ಆರಿಸಿಕೊಡಲಿ. ಫೋನಿಗೆ ಜೋಡಿಸಿದ ಬ್ಯಾಂಕ್ ಖಾತೆಯ ಪಿನ್ ದೊಡ್ಡವರ ಬಳಿಯೇ ಇರಲಿ. ತುಮಕೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಗುಬ್ಬಿ, ಕುಣಿಗಲ್‌ನ ಸರ್ಕಾರಿ ಶಾಲೆಗಳಿಗೆ ಹೋಗಿ ಚೌಕಾಬಾರವನ್ನೋ ಅಳಗುಳಿಮಣೆಯನ್ನೋ ಮಕ್ಕಳ ಕೈಯಿಂದಲೇ ಕನ್ನಡದ ಗೇಮ್ ಆಗಿಸಲಿ. ನಿಯಮ ಬರೆಯಲು ಕೂತ ಮಗುವಿಗೆ ಆಟದ ಒಳಗುಟ್ಟು ತಿಳಿಯುತ್ತದೆ, ತನ್ನನ್ನು ಹಿಡಿದಿಡುವ ತಂತ್ರ ಯಾವುದೆಂಬುದೂ ಕಣ್ಣಿಗೆ ಬೀಳುತ್ತದೆ. ಕೈ ಮೀರಿತು ಎನ್ನಿಸಿದರೆ 2022ರಿಂದ ನಡೆಯುತ್ತಿರುವ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲು ನಾಚಿಕೆ ಬೇಡ. ಎಷ್ಟು ಹೊತ್ತು ಎಂದು ಕೇಳುವ ಮೊದಲು ‘ನಂಗೂ ಹೇಳಿಕೊಡು’ ಎನ್ನುವ ಹಿರಿಯರು ಮನೆಗೊಬ್ಬರಿದ್ದರೆ ಅರ್ಧ ಕೆಲಸ ಅಲ್ಲೇ ಆಗುತ್ತದೆ.