ಗುಡ್ಡಕ್ಕೆ ಗುರಿಯಿಟ್ಟು ಇಳಿಯುವ ವಿದ್ಯೆ

ವಿಮಾನ ಇಳಿಯುವಾಗ ಕಿಟಕಿಯಾಚೆ ಹೊಲ, ರಸ್ತೆ, ಬೇಲಿ ಕಂಡು ಕೊನೆಗೆ ರನ್‌ವೇ ಬರುವುದು ವಾಡಿಕೆ. ಆದರೆ ಹಾಂಗ್‌ಕಾಂಗಿನ ಕೈ ತಕ್ ನಿಲ್ದಾಣದಲ್ಲಿ ಬಂದಿಳಿದವರ ನೆನಪೇ ಬೇರೆ. ರೆಕ್ಕೆಯ ತುದಿಗೆ ತಾರಸಿಯಲ್ಲಿ ಒಣಹಾಕಿದ ಬಟ್ಟೆ, ಮನೆಯೊಳಗೆ ಮಿನುಗುವ ಟೀವಿ, ಬೀದಿಯಲ್ಲಿ ತಲೆಯೆತ್ತಿಯೂ ನೋಡದೆ ನಡೆದುಹೋಗುವ ಜನ. ಬಟ್ಟೆಯ ಹಗ್ಗ ಚಕ್ರಕ್ಕೆ ಸಿಕ್ಕಿಕೊಂಡು ಬಂತೆಂಬ ಕಥೆಗಳೂ ಇದ್ದವು. ಅವನ್ನು ಪ್ರವಾಸಿಗಳ ಉತ್ಸಾಹಕ್ಕೆ ಬಿಡೋಣ.

ನಿಜವಾಗಿ ನೋಡಿದರೆ ಅಲ್ಲಿ ಮನೆಗಳೇ ಬರಬೇಕಿತ್ತು. ಕಳೆದ ಶತಮಾನದ ಆರಂಭದಲ್ಲಿ ಹೋ ಕೈ, ಆವ್ ತಕ್ ಎಂಬಿಬ್ಬರು ಗಣ್ಯರು ಕೌಲೂನ್ ಕೊಲ್ಲಿಗೆ ಮಣ್ಣು ತುಂಬಿಸಿ ಬಡಾವಣೆ ಕಟ್ಟುವ ಯೋಜನೆ ಹಾಕಿದ್ದರು. ಯೋಜನೆ ಕೈಕೊಟ್ಟಿತು. ತುಂಬಿದ ನೆಲ ಉಳಿಯಿತು, ಅದಕ್ಕೆ ಇಬ್ಬರ ಹೆಸರೂ ಅಂಟಿಕೊಂಡಿತು. 1925ರಲ್ಲಿ ಅಲ್ಲಿ ಹಾರಾಟ ಶುರುವಾಯಿತು. ಎರಡನೆಯ ಮಹಾಯುದ್ಧದಲ್ಲಿ ಹಾಂಗ್‌ಕಾಂಗನ್ನು ವಶಪಡಿಸಿಕೊಂಡ ಜಪಾನೀಯರು ಯುದ್ಧಕೈದಿಗಳನ್ನು ದುಡಿಸಿ ನಿಲ್ದಾಣವನ್ನು ಹಿಗ್ಗಿಸಿದರು. ಪಕ್ಕದ ಹಳೆಯ ಕೋಟೆಯ ಗೋಡೆ ಕೆಡವಿ ಅದರ ಕಲ್ಲನ್ನೂ ಬಳಸಿದರು. 1958ರಲ್ಲಿ ಕೊಲ್ಲಿಯೊಳಕ್ಕೆ ನಾಲಗೆಯಂತೆ ಚಾಚಿದ ಹೊಸ ರನ್‌ವೇ ಸಿದ್ಧವಾಯಿತು. ಮೂರು ಕಡೆ ನೀರು, ನಾಲ್ಕನೆಯ ಕಡೆ ಊರು, ಊರಿನ ಬೆನ್ನಿಗೆ ಬೆಟ್ಟ.

ತೊಡಕೆಲ್ಲ ಈ ಬೆಟ್ಟಗಳದೇ. ನೆಲದಿಂದ ಹೊಮ್ಮುವ ರೇಡಿಯೋ ಸಂಕೇತವನ್ನು ಹಿಡಿದು ವಿಮಾನ ರನ್‌ವೇಯ ನೇರಕ್ಕೆ ಇಳಿಯುವುದು ಸಾಮಾನ್ಯ ಕ್ರಮ. ಕೈ ತಕ್‌ನಲ್ಲಿ ಆ ನೇರಕ್ಕೇ ಲಯನ್ ರಾಕ್ ಬೆಟ್ಟಸಾಲು ಅಡ್ಡ. ಹೀಗಾಗಿ 1974ರಲ್ಲಿ ಅಳವಡಿಸಿದ ಉಪಕರಣ, ಪಶ್ಚಿಮದಿಂದ ಬರುವ ವಿಮಾನವನ್ನು ರನ್‌ವೇಗಲ್ಲ, ಒಂದು ಗುಡ್ಡದತ್ತ ಕರೆದೊಯ್ಯುತ್ತಿತ್ತು! ಗುಡ್ಡದ ಮೈಗೆ ಚದುರಂಗದ ಮಣೆಯಂತೆ ಕಿತ್ತಳೆ-ಬಿಳಿ ಚೌಕಗಳನ್ನು ಬಳಿದಿದ್ದರು. ಅದು ಕಂಡೊಡನೆ ಯಂತ್ರದ ಕೆಲಸ ಮುಗಿಯಿತು. ಮುಂದಿನದೆಲ್ಲ ಪೈಲಟ್‌ನ ಕಣ್ಣು-ಕೈಗಳದು. ಸುಮಾರು 650 ಅಡಿ ಎತ್ತರದಲ್ಲಿ, ಮನೆಗಳ ಮೇಲೆಯೇ, ಬಲಕ್ಕೆ 47 ಡಿಗ್ರಿ ಹೊರಳಬೇಕು. ಅದು ಮುಗಿದು ರೆಕ್ಕೆ ಸಮವಾಗುವ ವೇಳೆಗೆ ವಿಮಾನ ನೆಲದಿಂದ ಇನ್ನೂರು ಅಡಿಯೊಳಗೆ ಬಂದಿರುತ್ತಿತ್ತು. ಬೆಟ್ಟಕ್ಕೆ ಬಡಿದು ಸುಳಿಯುವ ಗಾಳಿ ಬೇರೆ. ಜಂಬೋ ಜೆಟ್‌ಗಳು ಹೀಗೆ ದಿನವಿಡೀ ಇಳಿಯುತ್ತಿದ್ದವೆಂದರೆ ಇಂದಿಗೂ ನಂಬುವುದು ಕಷ್ಟ.

ಆದರೆ ವಿಚಿತ್ರ ನೋಡಿ. ಆ ಭಯಂಕರ ತಿರುವಿನಲ್ಲಿ ಯಾವ ಪ್ರಯಾಣಿಕ ವಿಮಾನವೂ ಮನೆಗಳ ಮೇಲೆ ಬೀಳಲಿಲ್ಲ. 1967ರಲ್ಲಿ 24 ಮಂದಿಯನ್ನೂ 1988ರಲ್ಲಿ 7 ಮಂದಿಯನ್ನೂ ಬಲಿತೆಗೆದುಕೊಂಡ ಅಪಘಾತಗಳು ನಡೆದದ್ದು ತಿರುವೇ ಇಲ್ಲದ ಸಮುದ್ರದ ದಿಕ್ಕಿನಿಂದ, ಕೆಟ್ಟ ಹವೆಯಲ್ಲಿ ಇಳಿಯುವಾಗ. 1993ರ ನವೆಂಬರಿನಲ್ಲಿ ಚಂಡಮಾರುತದ ನಡುವೆ ಊರ ಕಡೆಯಿಂದ ಇಳಿದ ಚೈನಾ ಏರ್‌ಲೈನ್ಸ್‌ನ ಹೊಚ್ಚಹೊಸ ಜಂಬೋ, ರನ್‌ವೇ ಮೀರಿ ನೀರಿಗಿಳಿಯಿತು. ಒಳಗಿದ್ದ 396 ಮಂದಿಯೂ ಬದುಕಿದರು. ಭಯವಿದ್ದಲ್ಲಿ ಎಚ್ಚರವೂ ಹೆಚ್ಚು ಎನ್ನೋಣವೇ? ಪೂರ್ತಿ ಉತ್ತರವಲ್ಲ, ಆದರೂ ತಳ್ಳಿಹಾಕುವಂಥದೂ ಅಲ್ಲ.

ಪ್ರಯಾಣಿಕನಿಗೆ ಇದೆಲ್ಲ ಒಮ್ಮೆಯ ರೋಮಾಂಚನ. ಕೌಲೂನ್ ಸಿಟಿಯ ನಿವಾಸಿಗೆ ಹಾಗಲ್ಲ. 1996ರಲ್ಲಿ ಈ ಒಂದೇ ರನ್‌ವೇಯನ್ನು ಬಳಸಿದವರು ಸುಮಾರು ಮೂರು ಕೋಟಿ ಜನ. ತಲೆಯ ಮೇಲೆ ಸದ್ದು ಹಾಯುವಾಗ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ಮುಂದುವರಿಸುವುದು ಅವರಿಗೆ ರೂಢಿಯಾಗಿತ್ತು. ಕಟ್ಟಡಗಳನ್ನು ಎಷ್ಟು ಎತ್ತರಿಸಬೇಕೆಂಬುದನ್ನೂ ವಿಮಾನಗಳೇ ನಿರ್ಧರಿಸುತ್ತಿದ್ದವು. ವೈಮಾನಿಕರ ಸಾಹಸದ ಬಗೆಗೆ ಬಂದಷ್ಟು ಬರಹ ಈ ಸಹನೆಯ ಬಗೆಗೆ ಬಂದಿಲ್ಲ.

1998ರ ಜುಲೈ 6ರಂದು ನಡುರಾತ್ರಿ ಕಳೆದ ಮೇಲೆ ಕೈ ತಕ್‌ನ ದೀಪಗಳನ್ನು ಆರಿಸಲಾಯಿತು. ಆ ರಾತ್ರಿಯೇ ಸಾಮಾನು ಸರಂಜಾಮು ಲಾರಿಗಳಲ್ಲಿ, ದೋಣಿಗಳಲ್ಲಿ ಲಾಂಟೌ ದ್ವೀಪದ ಮಗ್ಗುಲಿನ ಚೆಕ್ ಲಾಪ್ ಕೋಕ್‌ಗೆ ಸಾಗಿತು. ಬೆಳಗಿಗೆ ಅಲ್ಲಿ ಹೊಸ ನಿಲ್ದಾಣ. ಹಳೆಯ ರನ್‌ವೇಯ ತುದಿಯಲ್ಲಿ 2013ರಿಂದ ಪ್ರವಾಸಿ ಹಡಗುಗಳು ತಂಗುತ್ತಿವೆ. ಉಳಿದ ನೆಲದಲ್ಲಿ ವಸತಿ ಗೋಪುರಗಳು ಎದ್ದಿವೆ. ಹೋ ಕೈ, ಆವ್ ತಕ್ ಅಲ್ಲಿ ಕಟ್ಟಲು ಹೊರಟಿದ್ದದ್ದೂ ಮನೆಗಳನ್ನೇ.